ಡ್ರೈವರ್ ತಂತ್ರಾಂಶದಲ್ಲಿ ಸಂಖ್ಯೆಗಳ ಮಿತಿ ತಪಾಸಣೆ: ಉದ್ಯಮಿಗಳು ಅರಿಯಬೇಕಾದ ಅಂಶಗಳು

ಬೊಮ್ಮನಹಳ್ಳಿಯ ಸಿದ್ಧ ಉಡುಪು ಘಟಕಗಳಲ್ಲಾಗಲಿ, ಪೀಣ್ಯದ ಯಂತ್ರಾಗಾರಗಳಲ್ಲಾಗಲಿ ಇಂದು ಕಂಪ್ಯೂಟರಿಗೆ ಜೋಡಿಸಿದ ಯಂತ್ರಗಳ ಬಳಕೆ ಸಾಮಾನ್ಯವಾಗಿದೆ. ಯಂತ್ರಕ್ಕೂ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೂ ನಡುವೆ ಮಧ್ಯವರ್ತಿಯಾಗಿರುವ ತಂತ್ರಾಂಶವೇ ಡ್ರೈವರ್. ಅನೇಕ ಡ್ರೈವರ್‌ಗಳು ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿಯೇ ಕಾರ್ಯ ನಿರ್ವಹಿಸುವುದರಿಂದ, ಅಲ್ಲಿನ ಒಂದು ಸಣ್ಣ ದೋಷವೂ ಇಡೀ ಕಂಪ್ಯೂಟರನ್ನು ಸ್ಥಗಿತಗೊಳಿಸಬಲ್ಲದು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ಪರಿಷ್ಕರಣೆಯಿಂದ ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಸ್ಥಗಿತಗೊಂಡವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ನೋಂದಣಿಗೆ ಅಡಚಣೆಯಾಯಿತು. ಆ ಸಂಸ್ಥೆಯೇ ಪ್ರಕಟಿಸಿದ ವರದಿಯಂತೆ, ತಂತ್ರಾಂಶಕ್ಕೆ ಒದಗಿಸಿದ್ದ ಮೌಲ್ಯಗಳು 20. ಹೊಸ ಕಡತವು 21ನೆಯದನ್ನು ಓದಿಸಿತು. ಮಿತಿ ಮೀರಿದುದನ್ನು ತಡೆಯುವ ತಪಾಸಣೆ ಅಲ್ಲಿರಲಿಲ್ಲ.

ತಪಾಸಣೆ ಇದ್ದರಷ್ಟೇ ಸಾಲದು, ಅದು ಸರಿಯಾಗಿಯೂ ಇರಬೇಕು. 0ಯಿಂದ 99ರವರೆಗೆ ಕ್ರಮಸಂಖ್ಯೆಯುಳ್ಳ ನೂರು ವಿನ್ಯಾಸಗಳನ್ನು ಸಂಗ್ರಹಿಸುವ ಕಸೂತಿ ಯಂತ್ರವೊಂದನ್ನು ಪರಿಗಣಿಸೋಣ. ಅದರ ಡ್ರೈವರ್‌ನಲ್ಲಿ ಮೂರು ಬಗೆಯ ದೋಷಗಳು ನುಸುಳಬಹುದು.

1. ಮೇಲ್ಮಿತಿಯನ್ನು ಮಾತ್ರ ನೋಡುವುದು: "ಸಂಖ್ಯೆ 100ಕ್ಕಿಂತ ಕಡಿಮೆಯೇ?" ಎಂದಷ್ಟೇ ಪರೀಕ್ಷಿಸಿದರೆ ‑1 ಕೂಡ ಉತ್ತೀರ್ಣವಾಗುತ್ತದೆ. ಕೆಳಮಿತಿಯ ಪರೀಕ್ಷೆಯೂ ಅಗತ್ಯ.

2. ಕೂಡಿದ ನಂತರ ನೋಡುವುದು: ಋಣಚಿಹ್ನೆಯಿಲ್ಲದ 32 ಬಿಟ್‌ನ ಗರಿಷ್ಠ ಸಂಖ್ಯೆ 4294967295. ಅದಕ್ಕೆ 1 ಕೂಡಿಸಿದರೆ 0 ಆಗುತ್ತದೆ. ಆದುದರಿಂದ ದತ್ತಾಂಶದ ಆರಂಭಸ್ಥಾನ ಮತ್ತು ಉದ್ದಗಳ ಮೊತ್ತವು ಚಿಕ್ಕದಾಗಿ ತೋರಿ ತಪಾಸಣೆಯನ್ನು ವಂಚಿಸಬಹುದು. ಮೊದಲು ಆರಂಭಸ್ಥಾನವು ಮಿತಿಯೊಳಗಿದೆಯೇ ಎಂದು ನೋಡಿ, ಬಳಿಕ ಉಳಿದ ಸ್ಥಳದೊಡನೆ ಉದ್ದವನ್ನು ಹೋಲಿಸುವುದು ಸುರಕ್ಷಿತ.

3. ದೊಡ್ಡ ಸಂಖ್ಯೆಯನ್ನು ಕಿರಿದಾದ ಜಾಗಕ್ಕೆ ತುಂಬುವುದು: 70000 ಹೊಲಿಗೆಗಳ ಎಣಿಕೆಯನ್ನು ಋಣಚಿಹ್ನೆಯಿಲ್ಲದ 16 ಬಿಟ್‌ಗೆ ಇಳಿಸಿದರೆ 4464 ಮಾತ್ರ ಉಳಿಯುತ್ತದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ನಾಶವಾದುದಕ್ಕೂ 16 ಬಿಟ್‌ನಲ್ಲಿ ಹಿಡಿಸದ ಸಂಖ್ಯೆಯ ಪರಿವರ್ತನೆಯೇ ಮೂಲ.

ಉದ್ಯಮಿಗಳು ಸ್ವತಃ ಪ್ರೋಗ್ರಾಂ ಓದಬೇಕಾಗಿಲ್ಲ. ಆದರೆ ಖರೀದಿ ಆದೇಶದಲ್ಲಿ ಈ ಷರತ್ತುಗಳನ್ನು ಸೇರಿಸಬಹುದು: ಹೊರಗಿನಿಂದ ಬರುವ ಪ್ರತಿಯೊಂದು ಸಂಖ್ಯೆಯ ತಪಾಸಣೆಯನ್ನು ಬರೆದವರಲ್ಲದೆ ಬೇರೊಬ್ಬ ಇಂಜಿನಿಯರ್ ಪರಿಶೀಲಿಸಿರಬೇಕು; ಕನಿಷ್ಠ, ಗರಿಷ್ಠ, ಅವುಗಳಿಗಿಂತ ಒಂದು ಕಡಿಮೆ ಹಾಗೂ ಒಂದು ಹೆಚ್ಚು ಮೌಲ್ಯಗಳನ್ನು ನೀಡಿ ಪರೀಕ್ಷಿಸಿದ ಲಿಖಿತ ವರದಿ ಒದಗಿಸಬೇಕು; ಪರಿಷ್ಕರಣೆಯನ್ನು ಮೊದಲು ಒಂದೇ ಯಂತ್ರದಲ್ಲಿ ಅಳವಡಿಸಿ ನೋಡಬೇಕು.

ಇದಕ್ಕೆ ತಗಲುವ ವೆಚ್ಚ ಕೆಲವು ದಿನಗಳ ಶ್ರಮ ಮಾತ್ರ. ರವಾನೆಯ ಗಡುವು ಹತ್ತಿರವಿರುವಾಗ ಯಂತ್ರಗಳೆಲ್ಲವೂ ಒಮ್ಮೆಗೇ ನಿಂತರೆ ಆಗುವ ನಷ್ಟದ ಮುಂದೆ ಅದು ಅತ್ಯಲ್ಪ.