ಕೊನ್ಯಾದ ಬಯಲು, ಸಿರವಾರದ ಎರಿಹೊಲ

ಬೈಕ್ ಹತ್ತಿ ದೇಶ ಸುತ್ತುವ ಹುಚ್ಚಿನವರಿಗೆ ಟರ್ಕಿ ಎಂದರೆ ಬಲು ಪ್ರೀತಿ. ಕಪ್ಪಡೋಕಿಯಾದ ಮೊನಚು ಬಂಡೆಗಳು, ನೆಮ್ರುತ್ ಬೆಟ್ಟದ ತಲೆ ಉರುಳಿದ ವಿಗ್ರಹಗಳು, ಬಾಯ್ಬುರ್ತ್‌ನಿಂದ ಕಪ್ಪು ಸಮುದ್ರದತ್ತ ಇಳಿಯುವ ಎದೆ ನಡುಗಿಸುವ ತಿರುವುಗಳು ಎಲ್ಲರ ಫೋಟೋಗಳಲ್ಲೂ ಇರುತ್ತವೆ. ಫೋಟೋದಲ್ಲಿ ಬಾರದ ದಾರಿಯೇ ಹೆಚ್ಚು. ಕೊನ್ಯಾದಿಂದ ಅಕ್ಸರಾಯ್ ಕಡೆಗೆ ಹೋಗುವಾಗ ಗಂಟೆಗಟ್ಟಲೆ ಬರಿ ಬಯಲು, ಗೋಧಿ ಹೊಲ, ಅಪರೂಪಕ್ಕೊಂದು ಮರ, ಬೇಸಿಗೆಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಮಾನ್ವಿ, ಸಿರವಾರದ ಕಡೆಯವರನ್ನು ಅಲ್ಲಿ ನಿಲ್ಲಿಸಿದರೆ ‘ಇದೇನು, ನಮ್ಮೂರೇ ಇದ್ದಂಗೈತಲ್ಲ’ ಎಂದಾರು. ಅಂಥ ಬಯಲನ್ನೂ ಜನ ಖುಷಿಯಿಂದ ದಾಟುತ್ತಾರೆಂದರೆ ಅದರ ಗುಟ್ಟು ರಾತ್ರಿಯ ತಂಗುದಾಣದಲ್ಲಿದೆ. ಅದೇ ದಾರಿಯಲ್ಲಿ ಸೆಲ್ಜೂಕ್ ಸುಲ್ತಾನ ಅಲಾವುದ್ದೀನ್ ಕೈಕುಬಾದ್ 1229ರಲ್ಲಿ ಕಟ್ಟಿಸಿದ ಸುಲ್ತಾನ್ ಹಾನ್ ಎಂಬ ದೊಡ್ಡ ಸರಾಯಿ ಈಗಲೂ ನಿಂತಿದೆ. ಒಂಟೆ ಒಂದು ದಿನಕ್ಕೆ ನಡೆಯುವಷ್ಟು ದೂರಕ್ಕೊಂದರಂತೆ ಆ ಕಾಲದಲ್ಲಿ ಸರಾಯಿಗಳಿದ್ದವು. ಇಂದು ಆ ಕೆಲಸವನ್ನು ಬೇರೆ ಬೇರೆಯವರು ಹಂಚಿಕೊಂಡಿದ್ದಾರೆ. ಅದರಲ್ಲಿ ಒಂದು ಪಾಲು ಅಲ್ಲಿನ ಶಿಕ್ಷಣ ಸಚಿವಾಲಯದ್ದು. ಸಣ್ಣ ಪೇಟೆಗಳಲ್ಲೂ ಶಿಕ್ಷಕರಿಗೆಂದು ಅತಿಥಿಗೃಹಗಳಿವೆ. ಕೋಣೆ ಖಾಲಿಯಿದ್ದರೆ ದಾರಿಹೋಕರಿಗೂ ಕೊಡುತ್ತಾರೆ, ದರ ಮಾತ್ರ ಶಿಕ್ಷಕರಿಗಿಂತ ತುಸು ಜಾಸ್ತಿ.

ಕೃಷ್ಣಾ ತುಂಗಭದ್ರೆಯರ ನಡುವಿನ ಎಡೆದೊರೆ ನಾಡನ್ನು ಇದೇ ಕಣ್ಣಿನಿಂದ ನೋಡಬೇಕು. ರಾಯಚೂರು ಜಿಲ್ಲೆಯ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಯಾವ ಸ್ಮಾರಕವನ್ನು ‘ಅಭಿವೃದ್ಧಿ’ ಮಾಡಬೇಕೆಂಬಲ್ಲಿಗೇ ಚರ್ಚೆ ನಿಲ್ಲುತ್ತದೆ. ಇಲ್ಲಿಯ ಸಂಪತ್ತು ಹಂಪಿಯ ಹಾಗೆ ಒಂದೆಡೆ ಗುಡ್ಡೆ ಹಾಕಿಕೊಂಡು ಕೂತಿಲ್ಲ. ಮಸ್ಕಿಯಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಕಂಡ, ಅಶೋಕನ ಹೆಸರನ್ನೇ ಹೇಳುವ ಶಾಸನ. ಅತ್ತ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುವ ಗಣಿ, ಮುದಗಲ್ಲಿನಲ್ಲಿ ಕೋಟೆ, ಅದರ ಜೊತೆಗೆ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಂ. ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳು, ಶಾಸನಗಳು. ತುಂಗಭದ್ರೆಯ ದಂಡೆಯ ಚೀಕಲಪರ್ವಿ ವಿಜಯದಾಸರ ಊರು, ಮೊಸರಕಲ್ಲು ಗೋಪಾಲದಾಸರದು, ಮಾನ್ವಿ ‘ಹರಿಕಥಾಮೃತಸಾರ’ದ ಜಗನ್ನಾಥದಾಸರದು. ಹದಿನೆಂಟನೇ ಶತಮಾನದ ದಾಸಸಾಹಿತ್ಯದ ಮೂರು ದೊಡ್ಡ ಹೆಸರುಗಳು ಬೈಕಿನ ಒಂದು ದಿನದ ಓಟದೊಳಗೆ ಸಿಗುತ್ತವೆ. ಮಾನ್ವಿಯಿಂದ ಬೇರೆಯಾಗಿ ತಾಲೂಕು ಕೇಂದ್ರವಾದ ಸಿರವಾರ ಇವಕ್ಕೆಲ್ಲ ನಡುವಿನ ಕೂಡುದಾರಿ. ಒಂದು ರಸ್ತೆ ರಾಯಚೂರಿಗೆ, ಒಂದು ಲಿಂಗಸುಗೂರಿಗೆ, ಇನ್ನೆರಡು ಮಾನ್ವಿ, ದೇವದುರ್ಗಗಳಿಗೆ.

ಇಷ್ಟು ಚೆದುರಿದ ನಾಡನ್ನು ಬಸ್ಸಿನಲ್ಲಿ ನೋಡುವುದು ಕಷ್ಟ, ಹಳ್ಳಿಯ ಬಸ್ಸು ಬೆಳಿಗ್ಗೆ ಬಂದರೆ ಮತ್ತೆ ಸಂಜೆಗೇ. ಕಾರಿನವರಿಗೆ ಕಿಟಕಿ ಏರಿಸಿ ಎ.ಸಿ. ಹಾಕಿದರೆ ಎಲ್ಲ ಹೊಲವೂ ಒಂದೇ. ಬೈಕಿನವರಿಗೆ ಮಾತ್ರ ಮಸಾರಿ ಮುಗಿದು ಎರಿ ಶುರುವಾದದ್ದು, ಕಾಲುವೆ ನೀರಿನ ತಂಪು ಎಲ್ಲಿಗೆ ಕೊನೆಯಾಯಿತೆಂಬುದು ಮೈಗೇ ಗೊತ್ತಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗ, ಕೊನೆಭಾಗಗಳ ನಡುವಿನ ಜಗಳವನ್ನು ವರದಿ ಓದಿ ತಿಳಿಯುವುದು ಬೇರೆ. ಸಿಂಧನೂರಿನ ಗದ್ದೆಗಳಿಂದ ಹೊರಟು ಹತ್ತಿ, ತೊಗರಿಯ ಸೀಮೆಗೆ ಬರುವಷ್ಟರಲ್ಲಿ ಕಣ್ಣಾರೆ ಕಾಣುವುದು ಬೇರೆ. ಎಲ್ಲಿ ಬೇಕೋ ಅಲ್ಲಿ ನಿಲ್ಲುವ ಸ್ವಾತಂತ್ರ್ಯವೂ ಇದೆ. ರಾಯಚೂರು ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಕೂತಿದೆ. ಕಾಕತೀಯರ ಅಧೀನದಲ್ಲಿದ್ದ ಗೋರೆ ಗನ್ನಯ್ಯ ರೆಡ್ಡಿಯ ಮಂತ್ರಿ ವಿಠ್ಠಲನಾಥ 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಪಕ್ಕದಲ್ಲೇ ಗೆರೆಚಿತ್ರ: ಗಟ್ಟಿ ಗಾಲಿಯ ಬಂಡಿಯ ಮೇಲೆ ಅದೇ ಕಲ್ಲು, ಮುಂದೆ ಸಾಲಾಗಿ ಹೂಡಿದ ಕೋಣಗಳು, ಹಿಂದೆ ಗಾಲಿಗೆ ಹಾರೆ ಕೊಟ್ಟು ನೂಕುವ ಆಳುಗಳು. ರಾಜನ ಹೊಗಳಿಕೆ ಶಾಸನಗಳಲ್ಲಿ ಬೇಕಾದಷ್ಟಿದೆ, ಸಾಗಾಟದ ಕೂಲಿಯವರಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದ್ದು ಅಪರೂಪ. (ಟರ್ಕಿಯ ನಂಟು ಹುಡುಕುವವರಿಗೂ ಈ ಕೋಟೆ ಒದಗುತ್ತದೆ. 1520ರಲ್ಲಿ ಇದಕ್ಕಾಗಿ ಕೃಷ್ಣದೇವರಾಯನೊಡನೆ ಕಾದಾಡಿ ಸೋತ ಇಸ್ಮಾಯಿಲ್ ಆದಿಲ್ ಶಾಹನ ತಂದೆ ಆಟಮನ್ ಸುಲ್ತಾನನ ಮಗನೆಂದು ಫೆರಿಶ್ತಾ ಬರೆದಿದ್ದಾನೆ. ಇತಿಹಾಸಕಾರರು ಅದನ್ನು ಸುಲಭಕ್ಕೆ ನಂಬುವುದಿಲ್ಲ.)

ಬಿಸಿಲಿನ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿಗೆ ಹೆಲ್ಮೆಟ್ ಹಾಕಿಕೊಂಡು ಬನ್ನಿ ಎಂದು ಯಾರನ್ನೂ ಕರೆಯುವಂತಿಲ್ಲ. ಮಳೆಗಾಲವೂ ಬೇಡ, ಎರಿ ಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಉಳಿದದ್ದು ನವೆಂಬರ್‌ನಿಂದ ಫೆಬ್ರುವರಿ. ಆಗ ಅಪಾಯ ಬೇರೆ ಬಗೆಯದು: ಡಾಂಬರಿನ ಅರ್ಧಕ್ಕೆ ಒಣಹಾಕಿದ ಭತ್ತ, ಅದನ್ನು ಕಾಯಲು ಅಂಚಿಗಿಟ್ಟ ಕಲ್ಲುಗಳು, ರಸ್ತೆಯ ಅಗಲಕ್ಕೂ ಹೊಟ್ಟೆ ಚಾಚಿದ ಹತ್ತಿಯ ಟ್ರ್ಯಾಕ್ಟರು. ಕತ್ತಲಾದ ಮೇಲೆ ಇಲ್ಲಿ ಬೈಕ್ ಓಡಿಸಲೇಬಾರದು. ಹಾಗೆಂದಮೇಲೆ ಸಂಜೆ ಆರಕ್ಕೆ ಇಳಿದುಕೊಳ್ಳಲು ಊರಲ್ಲೊಂದು ಹಾಸಿಗೆ ಬೇಕಾಗುತ್ತದೆ. ಬೈಕಿನವರು ಬಂದು ಕೊಡುವುದಾದರೂ ಏನು, ಎರಡು ಸಿಂಗಲ್ ಚಾ ಕುಡಿದು ಗದ್ದಲ ಮಾಡಿ ಹೋಗುತ್ತಾರೆ ಎಂಬ ಆಕ್ಷೇಪಕ್ಕೂ ಇದೇ ಉತ್ತರ. ಹಗಲು ಹಾದುಹೋದವರಿಂದ ಬರುವುದು ಚಹಾದ ಕಾಸು ಮಾತ್ರ. ರಾತ್ರಿ ಉಳಿದವರಿಂದ ಖಾನಾವಳಿಯ ರೊಟ್ಟಿ ಊಟ, ಬೆಳಗಿನ ಮಂಡಾಳ ಒಗ್ಗರಣೆ ಮಿರ್ಚಿ, ಬಂಕಿನ ಪೆಟ್ರೋಲು, ಪಂಕ್ಚರ್ ಅಂಗಡಿ ಎಲ್ಲಕ್ಕೂ ವ್ಯಾಪಾರ. ದೊಡ್ಡ ರೆಸಾರ್ಟು ಬಂದರೆ ಈ ದುಡ್ಡು ಅದರ ಗೇಟಿನೊಳಗೇ ಉಳಿಯುತ್ತದೆ.

ಹೊಸದಾಗಿ ಕಟ್ಟಡ ಕಟ್ಟಲು ಅನುದಾನ ಎಲ್ಲಿದೆ ಎಂದು ಕೇಳಿದರೆ, ಕಟ್ಟಬೇಕಾಗಿಯೇ ಇಲ್ಲ. ನಮ್ಮ ತಾಲೂಕು ಊರುಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಿವೆ. ಅಂಗಳ, ಮರದ ನೆರಳು, ಕಾವಲಿಗೊಬ್ಬ ಮೇಟಿ, ಎಲ್ಲ ಇದೆ. ಬಳಕೆ ಮಾತ್ರ ಹೆಚ್ಚಾಗಿ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ. ಸಾಮಾನ್ಯ ಪ್ರಯಾಣಿಕನಿಗೆ ಅಲ್ಲಿ ಕೋಣೆ ಸಿಗಬೇಕಾದರೆ ಯಾರದಾದರೂ ಶಿಫಾರಸು ಬೇಕು. ಸಚಿವರೋ ಚುನಾವಣಾ ಅಧಿಕಾರಿಯೋ ಹಠಾತ್ತನೆ ಬಂದರೆ ಗತಿಯೇನೆಂದು ಇಲಾಖೆಯವರು ಕೇಳಿಯಾರು, ನ್ಯಾಯವಾದ ಪ್ರಶ್ನೆಯೇ. ಟರ್ಕಿಯಲ್ಲೂ ಮೊದಲ ಹಕ್ಕು ಶಿಕ್ಷಕರದೇ. ಉಳಿದ ಕೋಣೆ ಖಾಲಿ ಬೀಳದಂತೆ ನೋಡಿಕೊಂಡಿದ್ದಾರೆ ಅಷ್ಟೆ. ಊರಿಗೆರಡು ಕೋಣೆ, ಮೊಬೈಲಿನಲ್ಲಿ ಕಾಯ್ದಿರಿಸುವ ವ್ಯವಸ್ಥೆ, ಗೋಡೆಯ ಮೇಲೆ ಬರೆದ ದರ ಇದ್ದರೆ ಆರಂಭಕ್ಕೆ ಸಾಕು. ಬಾರಿನ ಮೇಲಿನ ಲಾಡ್ಜಿಗೆ ಹೋಗಲು ಹಿಂಜರಿಯುವ ಹೆಣ್ಣುಮಕ್ಕಳ ಬೈಕ್ ತಂಡಗಳೂ ಆಗ ಸಿಂಧನೂರು ದಾಟಿ ಇತ್ತ ಬರುತ್ತವೆ. ದೇವದುರ್ಗ, ಮಾನ್ವಿಗಳಲ್ಲಿ ಒಂದು ಚಳಿಗಾಲದ ಮಟ್ಟಿಗೆ ಇದನ್ನು ಮಾಡಿ ನೋಡಲು ಜಿಲ್ಲಾಡಳಿತಕ್ಕೆ ಬೇಕಾದದ್ದು ಒಂದು ಸುತ್ತೋಲೆ, ಮತ್ತು ಅದನ್ನು ಮೇಟಿಯ ತನಕ ಮುಟ್ಟಿಸುವ ಮನಸ್ಸು.