ಹಳೆಯ ಮನೆಯ ಬರಿಗೋಡೆಗಳು

ಮೈಸೂರು, ಬೆಂಗಳೂರುಗಳ ಹಳೆಯ ಬೀದಿಗಳಲ್ಲಿ ಹಿರಿಯರು ಕಟ್ಟಿಸಿದ ಮನೆಗಳು ಇನ್ನೂ ಅಲ್ಲಲ್ಲಿ ನಿಂತಿವೆ. ತಳದಲ್ಲಿ ಕಲ್ಲು, ಮೇಲೆ ಇಟ್ಟಿಗೆ, ಸಂದುಗಳಲ್ಲಿ ಮಣ್ಣು ಅಥವಾ ಸುಣ್ಣದ ಗಾರೆ. ಅಂಥ ಗೋಡೆಯ ಗಿಲಾವನ್ನು ಕೆತ್ತಿಸಿ, ಕಲ್ಲು ಇಟ್ಟಿಗೆಗಳನ್ನು ಕಾಣುವಂತೆ ಬಿಡುವುದು ಈಗ ಹಲವರಿಗೆ ಪ್ರಿಯವಾಗಿದೆ. ನೋಟಕ್ಕೆ ಚೆಲುವೇ ಸರಿ. ಆದರೆ ಕೆಲಕಾಲದಲ್ಲಿಯೇ ಪುಡಿ ಉದುರುತ್ತದೆ, ಮಳೆಗಾಲದಲ್ಲಿ ತೇವ ಮೂಡುತ್ತದೆ. ಆಗ ಮನೆಯವರು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಯಾವ ಲೇಪವನ್ನು ಬಳಿಸಬೇಕು?

ಈ ಪ್ರಶ್ನೆಗೆ ಅವಸರದ ಉತ್ತರವನ್ನು ಹುಡುಕಿ ನಾವೂ ಒಮ್ಮೆ ಕೆಟ್ಟೆವು. ತಂದೆಯವರ ಕಾಲದ ಮನೆಯಲ್ಲಿ ನಡುಮನೆಯ ಗೋಡೆಗೆ ಹೊಳೆಯುವ ವಾರ್ನಿಷನ್ನು ನಾವೇ ಮುಂದೆ ನಿಂತು ಹೊಡೆಸಿದೆವು. ಎರಡು ಮಳೆಗಾಲ ಕಳೆಯುವುದರೊಳಗೆ ಲೇಪವು ಗುಳ್ಳೆಯೆದ್ದಿತು. ಅದರೊಡನೆ ಇಟ್ಟಿಗೆಯ ಮುಖವೂ ಕಳಚಿ ಬಿದ್ದಿತು. ಲೇಪವನ್ನು ಮತ್ತೆ ಕೊಳ್ಳಬಹುದು. ಆ ಇಟ್ಟಿಗೆಗಳನ್ನು ಎಲ್ಲಿಂದ ತರೋಣ?

ಇದರ ಕಾರಣವು ಗೂಢವಾದುದೇನಲ್ಲ. ನಮ್ಮ ನಾಡಿನ ಕಗ್ಗಲ್ಲು ನೀರನ್ನು ಬಹು ಸ್ವಲ್ಪವೇ ಹೀರುತ್ತದೆ. ಇಟ್ಟಿಗೆ ಹಾಗಲ್ಲ, 24 ಗಂಟೆ ನೆನೆದರೆ ಸಾಧಾರಣ ಇಟ್ಟಿಗೆಯು ತನ್ನ ತೂಕದಲ್ಲಿ ಶೇಕಡ 20ರವರೆಗೂ ನೀರನ್ನು ಕುಡಿಯಬಲ್ಲದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ತೇವವು ಸೂಕ್ಷ್ಮರಂಧ್ರಗಳ ಮೂಲಕ ಗೋಡೆಯಲ್ಲಿ ಏರುತ್ತದೆ. ಮಣ್ಣಿನ ಲವಣಗಳೂ ಅದರೊಡನೆ ಬರುತ್ತವೆ. ಗೋಡೆಯು ತೆರೆದಿದ್ದರೆ ನೀರು ಆವಿಯಾಗಿ ಹೋಗಿ, ಲವಣವು ಹೊರಗೆ ಬಿಳಿಯ ಪುಡಿಯಾಗಿ ನಿಲ್ಲುತ್ತದೆ. ಮುಚ್ಚಿದರೆ ಲೇಪದ ಹಿಂದೆಯೇ ಹರಳುಗಟ್ಟಿ, ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತದೆ.

ಆದುದರಿಂದ ಮೊದಲು ನೀರಿನ ದಾರಿಯನ್ನು ಹುಡುಕಬೇಕು. ಒಡೆದ ಹೆಂಚು, ಸೋರುವ ದೋಣಿ, ಗೋಡೆಗೆ ಒತ್ತಿದ ಹೂವಿನ ಪಾತಿ, ಕೆಟ್ಟ ಚರಂಡಿ, ಇವನ್ನು ಸರಿಪಡಿಸಿ ಒಂದು ಬೇಸಗೆ ಗೋಡೆಯನ್ನು ಒಣಗಲು ಬಿಡಬೇಕು. ಮೂಡಿದ ಲವಣವನ್ನು ಒಣ ಕುಂಚದಿಂದ ಗುಡಿಸಿ ತೆಗೆಯಬೇಕೇ ಹೊರತು ತೊಳೆಯಬಾರದು. ತೊಳೆದರೆ ಅದು ಕರಗಿ ಮತ್ತೆ ಒಳಸೇರುತ್ತದೆ.

ಎರಡನೆಯದು ಸಂದುಗಳು. ಸುಣ್ಣದ ಗಾರೆ ಸವೆದಿದ್ದರೆ ಸುಣ್ಣದ ಗಾರೆಯನ್ನೇ ತುಂಬಿಸುವುದು ಲೇಸು. ಅರಳಿಸಿದ ಸುಣ್ಣ ಒಂದು ಭಾಗ, ಮರಳು ಮೂರು ಭಾಗ. ಕೆಲವು ದಿನ ತಂಪಾಗಿಟ್ಟರೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲನೆ ಗಟ್ಟಿಯಾಗುತ್ತದೆ. ಇಂಗ್ಲೆಂಡಿನಲ್ಲಿ 1824ರಲ್ಲಿ ಪೇಟೆಂಟು ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಹೊಸ ಕಟ್ಟಡಕ್ಕೆ ಉಪಕಾರಿಯೇ. ಆದರೆ ಮೆತ್ತನೆಯ ಹಳೆಯ ಇಟ್ಟಿಗೆಯ ನಡುವೆ ಅದನ್ನು ತುಂಬಿದರೆ ತೇವವು ಸಂದಿನಿಂದ ಹೋಗಲಾರದೆ ಇಟ್ಟಿಗೆಯಿಂದಲೇ ಹೊರಡುತ್ತದೆ, ಸವೆಯುವುದೂ ಇಟ್ಟಿಗೆಯೇ. ಸಂದನ್ನು ಮತ್ತೆ ತುಂಬಬಹುದು, ಇಟ್ಟಿಗೆಯನ್ನು ತುಂಬಲಾಗದು.

ಇಷ್ಟಾದ ಮೇಲೂ ಪುಡಿ ಉದುರಿದರೆ ತೆಳುವಾದ ಸುಣ್ಣದ ನೀರನ್ನು ಹಲವು ಸಲ ಬಳಿಯಬಹುದು. ಇಟ್ಟಿಗೆಯ ಬಣ್ಣವೇ ಬೇಕೆನ್ನುವವರಿಗೆ ಸಿಲೇನ್ ಜಾತಿಯ ದ್ರವಗಳುಂಟು. ಇವು ರಂಧ್ರವನ್ನು ಮುಚ್ಚದೆ ನೀರಹನಿಯನ್ನು ತಡೆದು ಆವಿಗೆ ದಾರಿ ಬಿಡುತ್ತವೆ. ಆದರೆ ಒಮ್ಮೆ ಹೀರಿದ ದ್ರವವನ್ನು ಹೊರತೆಗೆಯಲಾಗದು. ಲವಣ ತುಂಬಿದ ಗೋಡೆಗೆ ಇದೂ ಸಲ್ಲದು. ಮರೆಯ ಮೂಲೆಯೊಂದರಲ್ಲಿ ಬಳಿದು ಒಂದು ಮಳೆಗಾಲ ಕಾಯುವುದು ಕ್ಷೇಮ.

ಮಣ್ಣಿನ ಸಂದುಗಳ ಹೊರಗೋಡೆಗೆ ಮಾತ್ರ ಈ ಯಾವ ದ್ರವವೂ ಸಾಲದು. ಅದಕ್ಕೆ ಹಿರಿಯರು ತೊಡಿಸಿದ್ದ ಸುಣ್ಣದ ಗಿಲಾವೇ ತಕ್ಕ ರಕ್ಷೆ. ಅದನ್ನು ಕೆತ್ತಿಸುವ ಮುನ್ನ ಶ್ರೋತೃಗಳು ಒಮ್ಮೆ ಯೋಚಿಸಬೇಕೆಂದು ನಮ್ಮ ವಿನಂತಿ.