ಗಂಟು ಬಿಚ್ಚಿ ತೋರಿಸಿ

ತಂದೆಯವರ ವೈಕುಂಠ ಸಮಾರಾಧನೆ ಮುಗಿದ ಮೇಲೆ, ಅವರ ಅಸ್ಥಿಯನ್ನು ಗಂಗೆಯಲ್ಲಿ ವಿಸರ್ಜಿಸಲೆಂದು ತಾಯಿಯೊಡನೆ ಕಾಶಿಗೆ ಹೊರಟೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ನಮಗೆ ಸಾಕಾಗುತ್ತಿತ್ತು. ಆದರೆ ಕಾಶಿಯನ್ನು ಕಾಣಬೇಕೆಂಬುದು ತಂದೆಯವರ ಬಹುದಿನದ ಆಸೆ. ರೈಲಿನ ದೀರ್ಘ ಪ್ರಯಾಣವನ್ನು ತಾಯಿಯ ಮೊಣಕಾಲುಗಳು ಸಹಿಸಲಾರವೆಂದು ವಿಮಾನವನ್ನು ಆರಿಸಿಕೊಂಡೆ.

ಅಸ್ಥಿ ಇದ್ದುದು ತಾಮ್ರದ ಚೆಂಬಿನಲ್ಲಿ. ಬಾಯಿಗೆ ಬಿಳಿಯ ವಸ್ತ್ರ ಕಟ್ಟಿತ್ತು. ತಪಾಸಣೆಯ ಯಂತ್ರದೊಳಕ್ಕೆ ಹೋದ ನನ್ನ ಕೈಚೀಲ ಹೊರಗೆ ಬರಲೇ ಇಲ್ಲ. ತರುಣನೊಬ್ಬ ಅದನ್ನು ಬದಿಗೆಳೆದುಕೊಂಡು, "ಗಂಟು ಬಿಚ್ಚಿ ತೋರಿಸಿ" ಎಂದ. ವಿಷಯ ತಿಳಿಸಿದೆ. ಮರಣ ಪ್ರಮಾಣಪತ್ರ ಕೇಳಿದ, ಕೊಟ್ಟೆ. ಆದರೂ ಬಿಚ್ಚಲೇಬೇಕೆಂದ. ಬೆಲ್ಟು ಕಳಚಿ, ಒಂದು ಕೈಯಲ್ಲಿ ಪಂಚೆ ಹಿಡಿದು, ಇನ್ನೊಂದು ಕೈಯಿಂದ ಆ ಗಂಟು ಬಿಚ್ಚಿದೆ. ಹಿಂದಿನ ಸಾಲಿನಲ್ಲಿ ಯಾರೋ "ಬೇಗ, ಬೇಗ" ಎಂದು ಗೊಣಗುತ್ತಿದ್ದರು.

ಆ ಕ್ಷಣದ ಸಿಟ್ಟು ಬಹಳ ದಿನ ಆರಲಿಲ್ಲ. ಆರಿದ ಮೇಲೆ, ಈ ವ್ಯವಸ್ಥೆ ಹೀಗೇಕೆ ಬೆಳೆಯಿತೆಂದು ವಿಚಾರಿಸಿ ನೋಡಿದೆ.

ಒಂದು ಕಾಲದಲ್ಲಿ ವಿಮಾನ ಹತ್ತುವುದು ಬಸ್ಸು ಹತ್ತಿದಷ್ಟೇ ಸುಲಭವಾಗಿತ್ತು. ವಿಮಾನಾಪಹರಣಗಳು ಮಿತಿಮೀರಿದಾಗ, 1973ರ ಜನವರಿಯಲ್ಲಿ ಅಮೆರಿಕದಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡಿನ ಕರಾವಳಿಯಾಚೆ ಆಗಸದಲ್ಲೇ ಸಿಡಿದು 329 ಜನ ಮಡಿದರು. ಬಾಂಬು ಇದ್ದ ಪೆಟ್ಟಿಗೆಯನ್ನು ವ್ಯಾಂಕೂವರಿನಲ್ಲಿ ಒಪ್ಪಿಸಿದವನು ತಾನು ವಿಮಾನ ಏರಿರಲೇ ಇಲ್ಲ. ಟೊರಾಂಟೋದಲ್ಲಿ ಅಂದು ಎಕ್ಸ್-ರೇ ಯಂತ್ರ ಕೆಟ್ಟು ನಿಂತಿತ್ತು. ಯಜಮಾನನಿಲ್ಲದ ಪೆಟ್ಟಿಗೆ ಪ್ರಯಾಣ ಮಾಡಬಾರದೆಂಬ ನಿಯಮಕ್ಕೆ ಬಲ ಬಂದದ್ದು ಇಂಥ ದುರಂತಗಳಿಂದ. 2001ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಮಯಾಮಿಗೆ ಹೊರಟಿದ್ದ ಒಬ್ಬಾತ ಬೂಟಿನಲ್ಲಿ ಅಡಗಿಸಿದ್ದ ಸ್ಫೋಟಕಕ್ಕೆ ಬೆಂಕಿ ತಾಕಿಸಲು ಯತ್ನಿಸಿದ. ಆ ಬಳಿಕ ಅಮೆರಿಕದಲ್ಲಿ ಕೋಟ್ಯಂತರ ಜನ ಬೂಟು ಕಳಚಿದರು. ಆ ಕಟ್ಟಳೆ ಸಡಿಲವಾದದ್ದು 2025ರ ಜುಲೈನಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದದ್ದರಿಂದ 100 ಮಿಲಿಲೀಟರಿನ ಮಿತಿ ಹುಟ್ಟಿತು.

ಅಂದರೆ, ಅಲ್ಲಿನ ಒಂದೊಂದು ನಿಯಮವೂ ಒಂದೊಂದು ಅನಾಹುತದ ನೆನಪು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಅದು ಹಿಂದೆ ನಡೆದುದನ್ನು ಬಲ್ಲುದು. ಎದುರಿಗೆ ನಿಂತಿರುವ ಮನುಷ್ಯನನ್ನು ಅರಿಯದು.

ನನ್ನ ಚೆಂಬಿನ ವಿಷಯವೂ ಹಾಗೆಯೇ. ಎಕ್ಸ್-ರೇ ಕಿರಣ ಬಟ್ಟೆ, ಕಾಗದ, ಮರಗಳನ್ನು ಸುಲಭವಾಗಿ ಹಾಯುತ್ತದೆ. ದಪ್ಪನೆಯ ಲೋಹ ಅದನ್ನು ತಡೆದುಬಿಡುತ್ತದೆ. ಪರದೆಯ ಮೇಲೆ ಸಾವಯವ ವಸ್ತುಗಳು ಕಿತ್ತಳೆ ಬಣ್ಣದಲ್ಲಿಯೂ ಲೋಹ ನೀಲಿಯಾಗಿಯೂ ತೋರುತ್ತವೆ. ಕಿರಣ ಹಾಯದ ಕಡೆ ಬರಿಯ ಕಪ್ಪು. ನಮ್ಮ ಹಿರಿಯರು ಶುದ್ಧವೆಂದು ನಂಬಿದ ತಾಮ್ರ, ಯಂತ್ರದ ಕಣ್ಣಿಗೆ ಒಳಗೇನಿದೆಯೋ ತಿಳಿಯದ ಒಂದು ಕಪ್ಪು ಉಂಡೆ. ಆ ತರುಣ ನೋಡಿದ್ದು ಅದನ್ನೇ. ಬಿಚ್ಚಿ ನೋಡದೆ ಬಿಟ್ಟಿದ್ದರೆ ಅವನು ತನ್ನ ಕರ್ತವ್ಯಕ್ಕೆ ತಪ್ಪಿದವನಾಗುತ್ತಿದ್ದ.

ಹಾಗಾದರೆ ನನ್ನ ದೂರೇನು? ಪರೀಕ್ಷಿಸಿದರೆಂಬುದಲ್ಲ. ಸಾಲಿನಿಂದ ನಾಲ್ಕು ಹೆಜ್ಜೆ ಆಚೆ ಕರೆದೊಯ್ದು, ಒಂದು ಮೇಜು ತೋರಿಸಿ, ಮೆಲುದನಿಯಲ್ಲಿ ಕೇಳಿದ್ದರೆ ಭದ್ರತೆಗೆ ಯಾವ ಕುಂದೂ ಬರುತ್ತಿರಲಿಲ್ಲ. ಸಂಶಯ ಎಲ್ಲರಿಗೂ ಸಮಾನವಾಗಿರಲಿ. ಮರ್ಯಾದೆಯೂ ಹಾಗೆಯೇ ಇರಬೇಡವೇ?

ವಿಮಾನದಲ್ಲಿ ಕುಳಿತ ಮೇಲೆ ತಾಯಿ ಚೆಂಬನ್ನು ಮಡಿಲಿಗೆ ತೆಗೆದುಕೊಂಡು ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿದರು. "ಜೀವ ಇರೋವಾಗ ಒಂದು ಸಲಾನೂ ವಿಮಾನ ಹತ್ತಲಿಲ್ಲ ಕಣೋ ನಿಮ್ಮಪ್ಪ. ಹತ್ತೋ ದಿನ ಹೀಗಾಯ್ತು" ಎಂದರು. ಉತ್ತರ ಹೊಳೆಯಲಿಲ್ಲ.

ಇಂಥ ಪ್ರಯಾಣಕ್ಕೆ ಹೊರಡುವವರಿಗೆ ನನ್ನ ಅರಿಕೆ ಇಷ್ಟೆ: ಮರಣ ಪ್ರಮಾಣಪತ್ರವನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ, ಹೊರಡುವ ಮುನ್ನವೇ ವಿಮಾನ ಸಂಸ್ಥೆಯವರನ್ನು ವಿಚಾರಿಸಿ, ತಾಮ್ರದ ಬದಲು ತೆಳುವಾದ ಮರದ ಕರಂಡಕವನ್ನು ಆರಿಸಿಕೊಳ್ಳಿ. ಕಿರಣ ತಾನಾಗಿಯೇ ಹಾದುಹೋದರೆ, ಕಟ್ಟಿದ ಗಂಟು ಗಂಗೆಯ ತನಕ ಹಾಗೆಯೇ ಉಳಿದೀತು.